ಅಲ್ಪಮತದ ಸರ್ಕಾರಕ್ಕೆ ಯಾವ ವಿಶ್ವಾಸಮತ ಒಗ್ಗುತ್ತದೆ? ಏಳು ಸಂಸತ್ತುಗಳ ವ್ಯವಸ್ಥೆಯ ಬಳಕೆದಾರ ವಿಮರ್ಶೆ

ವಿಶ್ವಾಸಮತ ಎಲ್ಲ ಕಡೆಯೂ ಒಂದೇ ಸರಕು ಎಂದುಕೊಂಡವರು ಹೆಚ್ಚು. ಗಂಟೆ ಬಾರಿಸುತ್ತದೆ, ಬಾಗಿಲು ಮುಚ್ಚುತ್ತಾರೆ, ತಲೆ ಎಣಿಸುತ್ತಾರೆ, ಸರ್ಕಾರ ಉಳಿಯುತ್ತದೆ ಇಲ್ಲವೇ ಉರುಳುತ್ತದೆ. ಆದರೆ ಒಂದು ಸದನದಲ್ಲಿ ನೆಮ್ಮದಿಯಾಗಿ ಅವಧಿ ಮುಗಿಸುವಷ್ಟೇ ಬಲದ ಸರ್ಕಾರ ಇನ್ನೊಂದು ಸದನದಲ್ಲಿ ವಾರ ಬಾಳುವುದಿಲ್ಲ. ಬಲ ಒಂದೇ, ನಿಯಮ ಬೇರೆ. ಆದ್ದರಿಂದ ಇಲ್ಲಿ ವಿಶ್ವಾಸಮತವನ್ನು ಒಂದು ಸೇವೆ ಎಂದುಕೊಂಡು, ಅದರ ಗ್ರಾಹಕ ಬಹುಮತವಿಲ್ಲದೆ ಕುರ್ಚಿ ಹಿಡಿದ ಪ್ರಧಾನಿ ಎಂದುಕೊಂಡು, ಏಳು ಮಾದರಿಗಳನ್ನು ತೂಗಿದ್ದೇವೆ.

ತೂಗಲು ಇಟ್ಟುಕೊಂಡ ಪ್ರಶ್ನೆಗಳು ಮೂರೇ. ಸಂಖ್ಯೆ ಕೂಡಿಸುವ ಹೊಣೆ ಯಾರ ತಲೆ ಮೇಲೆ, ಸರ್ಕಾರದ್ದೋ ಅದನ್ನು ಕೆಡವಲು ಹೊರಟವರದ್ದೋ? ಮತ ಹಾಕದೆ ಕೂತವನ ಲೆಕ್ಕ ಯಾರ ಖಾತೆಗೆ ಹೋಗುತ್ತದೆ? ಎರಡೂ ಕಡೆ ಸಮ ಬಂದರೆ ಏನಾಗುತ್ತದೆ? ಟೀವಿಯಲ್ಲಿ ರಾತ್ರಿಯಿಡೀ "ಮ್ಯಾಜಿಕ್ ನಂಬರ್" ಎಂದು ಕೂಗುವವರು ಈ ಮೂರನ್ನೂ ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ.

ಲೋಕಸಭೆ: ಪ್ರವೇಶ ಸುಲಭ, ನಿರ್ವಹಣೆ ದುಬಾರಿ

ಇಲ್ಲಿ ದಾರಿ ಎರಡು. ವಿರೋಧ ಪಕ್ಷ ತರುವುದು ಅವಿಶ್ವಾಸ ನಿರ್ಣಯ, ಅದಕ್ಕೆ ನಿಯಮ 198 ಇದೆ. ಬೆಳಗ್ಗೆ 10 ಗಂಟೆಯೊಳಗೆ ಲಿಖಿತ ನೋಟಿಸ್ ಕೊಡಬೇಕು, ಸ್ಪೀಕರ್ ಕೇಳಿದಾಗ ಕನಿಷ್ಠ 50 ಸದಸ್ಯರು ಎದ್ದು ನಿಲ್ಲಬೇಕು, ಅನುಮತಿ ಸಿಕ್ಕ 10 ದಿನದೊಳಗೆ ಚರ್ಚೆಗೆ ಬರಬೇಕು. ಸರ್ಕಾರ ತಾನೇ ಕೇಳುವುದು ವಿಶ್ವಾಸಮತ. ಅದಕ್ಕೆಂದು ಪ್ರತ್ಯೇಕ ನಿಯಮವಿಲ್ಲ, ಸಾಮಾನ್ಯ ಗೊತ್ತುವಳಿಯ ಹಾಗೆಯೇ ಬರುತ್ತದೆ. ರಾಷ್ಟ್ರಪತಿಯವರು ಬಲ ಸಾಬೀತು ಮಾಡಿ ಎಂದಾಗ ಬಳಕೆಯಾಗುವುದು ಇದೇ.

ಮೊದಲ ದಾರಿಯಲ್ಲಿ ಒಂದು ಹಳೆಯ ದೋಷವಿದೆ. ಎದ್ದು ನಿಂತ 50 ಜನರನ್ನು ಎಣಿಸಬೇಕಾದರೆ ಸದನ ಶಾಂತವಾಗಿರಬೇಕು. 2018ರ ಮಾರ್ಚ್‌ನಲ್ಲಿ ನೋಟಿಸ್‌ಗಳ ಮೇಲೆ ನೋಟಿಸ್ ಬಂದವು, ಬೇರೆ ಪಕ್ಷಗಳು ಬೇರೆ ಕಾರಣಕ್ಕೆ ಬಾವಿಗಿಳಿದು ಫಲಕ ಹಿಡಿದು ನಿಂತಿದ್ದವು, ಎಣಿಸಲು ಆಗುವುದಿಲ್ಲ ಎಂದು ಸ್ಪೀಕರ್ ಸದನ ಮುಂದೂಡುತ್ತಲೇ ಹೋದರು. ಗದ್ದಲ ಸರ್ಕಾರದ ವಿರುದ್ಧವೇ ಇರಲಿ, ಲಾಭ ಮಾತ್ರ ಸರ್ಕಾರಕ್ಕೆ. ನಿರ್ಣಯ ಮತಕ್ಕೆ ಬಂದದ್ದು ಮುಂದಿನ ಅಧಿವೇಶನದಲ್ಲಿ, ಜುಲೈ 20ರಂದು.

ಇನ್ನು 272 ಎಂಬ ಸಂಖ್ಯೆ. 543ರ ಸದನದಲ್ಲಿ ಅದು ಅರ್ಧಕ್ಕಿಂತ ಮೇಲೆ, ಸರಿ. ಆದರೆ ವಿಶ್ವಾಸಮತ ಗೆಲ್ಲಲು 272 ಬೇಕೆಂದು ಎಲ್ಲೂ ಬರೆದಿಲ್ಲ. ಸಂವಿಧಾನದ 100ನೇ ವಿಧಿ ಕೇಳುವುದು ಹಾಜರಿದ್ದು ಮತ ಹಾಕಿದವರ ಬಹುಮತ ಅಷ್ಟೇ. 1991ರ ಜುಲೈನಲ್ಲಿ ಪಿ.ವಿ. ನರಸಿಂಹರಾವ್ ಗೆದ್ದದ್ದು 241 ಮತಗಳಿಂದ. ವಿರುದ್ಧ ಬಿದ್ದದ್ದು 111, ತಟಸ್ಥರು 112. ಆ 112 ಜನ ಸರ್ಕಾರವನ್ನು ಮೆಚ್ಚಿದವರಲ್ಲ. ಆಗಷ್ಟೇ ಮುಗಿದ ಚುನಾವಣೆ ತಕ್ಷಣ ಮತ್ತೊಮ್ಮೆ ಬೇಡವಾಗಿದ್ದವರು. ಲೋಕಸಭೆಯ ಮಾದರಿಯಲ್ಲಿ ಅಲ್ಪಮತದ ಪ್ರಧಾನಿಗೆ ಸಿಗುವ ಅತ್ಯುತ್ತಮ ಸೌಲಭ್ಯ ಇದೇ: ಎದುರಾಳಿಯನ್ನು ತನ್ನ ಪರ ಕೈ ಎತ್ತಿಸಬೇಕಿಲ್ಲ, ಕೈ ಕಟ್ಟಿ ಕೂರಿಸಿದರೆ ಸಾಕು.

ಲೆಕ್ಕ ಹಾಕುವಾಗ ಜನ ಎಡವುವ ಜಾಗವೂ ಇದೇ. ನಿಮ್ಮ ಸದಸ್ಯನೊಬ್ಬ ತಟಸ್ಥನಾದರೆ ಅಂತರ ಒಂದರಷ್ಟು ಕರಗುತ್ತದೆ. ಅವನೇ ಆಚೆ ಕಡೆಗೆ ಮತ ಹಾಕಿದರೆ ಎರಡರಷ್ಟು. 1999ರ ಏಪ್ರಿಲ್ 17ರ ಫಲಿತಾಂಶವನ್ನು ಈ ಅಳತೆಗೋಲಿನಿಂದ ಬಿಡಿಸಿ ನೋಡಿ. ಎಐಎಡಿಎಂಕೆ 18 ಸದಸ್ಯರೊಂದಿಗೆ ಹೊರನಡೆದಿತ್ತು, ವಾಜಪೇಯಿ ಸರ್ಕಾರದ ಪರ 269, ವಿರುದ್ಧ 270. ನ್ಯಾಷನಲ್ ಕಾನ್ಫರೆನ್ಸ್‌ನ ಸೈಫುದ್ದೀನ್ ಸೋಜ್ ಪಕ್ಷದ ಮಾತು ಮೀರಿ ವಿರುದ್ಧ ಮತ ಹಾಕಿದ್ದರು. ಅವರು ಪಕ್ಷದ ಮಾತು ಕೇಳಿದ್ದರೆ 270–269, ಸರ್ಕಾರ ಉಳಿಯುತ್ತಿತ್ತು. ಸುಮ್ಮನೆ ಮನೆಯಲ್ಲಿ ಕೂತಿದ್ದರೂ 269–269. ಗಿರಿಧರ ಗಮಾಂಗ್ ಎರಡು ತಿಂಗಳ ಹಿಂದೆಯೇ ಒಡಿಶಾದ ಮುಖ್ಯಮಂತ್ರಿಯಾಗಿದ್ದರು, ಲೋಕಸಭೆಗೆ ರಾಜೀನಾಮೆ ಕೊಟ್ಟಿರಲಿಲ್ಲ, ಬಂದು ವಿರುದ್ಧ ಮತ ಹಾಕಿದರು. ಅವರು ಬಾರದಿದ್ದರೂ 269–269. ಸಮ ಬಂದರೆ ನಿರ್ಣಾಯಕ ಮತ ಸ್ಪೀಕರ್‌ದು. ಅಂದಿನ ಸ್ಪೀಕರ್ ಬಾಲಯೋಗಿ ತೆಲುಗು ದೇಶಂನವರು, ಆ ಪಕ್ಷ ಸರ್ಕಾರದ ಪರವಿತ್ತು. ತಟಸ್ಥರಾಗಿರುತ್ತೇವೆ ಎಂದಿದ್ದ ಬಿಎಸ್‌ಪಿಯ ಐವರು ಮಾತಿನಂತೆ ನಡೆದಿದ್ದರೆ 269–265, ಉಳಿದ ಯಾವ ತಲೆನೋವೂ ಇರುತ್ತಿರಲಿಲ್ಲ. ಎಲ್ಲರ ನಾಲಿಗೆಯ ಮೇಲೆ ಗಮಾಂಗ್ ಹೆಸರು ಉಳಿದುಬಿಟ್ಟಿತು. ಅಂಕಗಣಿತ ಮಾತ್ರ ಬಿಎಸ್‌ಪಿಯ ಬೆಂಚಿನತ್ತ ಬೆರಳು ತೋರಿಸುತ್ತದೆ.

ಹೀಗೇ ಮತ ಹಾಕಿ ಎಂದು ಪಕ್ಷ ಹೊರಡಿಸುವ ಕಡ್ಡಾಯ ಆದೇಶ, ಅಂದರೆ ವಿಪ್ ಇದೆಯಲ್ಲ, ಅದು ಕಾಯುವುದಿಲ್ಲವೇ? ಕಾಯುವುದು ಅರ್ಧ ಮಾತ್ರ. ಸಂವಿಧಾನದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ, ಪ್ರಕಾರ ವಿಪ್ ಮೀರಿ ಮತ ಹಾಕಿದರೂ, ಮತ ಹಾಕದೆ ಉಳಿದರೂ ಸದಸ್ಯತ್ವ ಹೋಗಬಹುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಉಳಿಯುತ್ತದೆ. ಆದರೆ ಅನರ್ಹತೆಯ ತೀರ್ಮಾನ ಆಮೇಲಿನದು. ಅಂದು ಹಾಕಿದ ಅಡ್ಡಮತ ಎಣಿಕೆಗೆ ಸೇರಿಯೇ ಸೇರುತ್ತದೆ, ಸರ್ಕಾರ ಬಿದ್ದಾಗಿರುತ್ತದೆ. ಕಳ್ಳತನ ಆದ ಮೇಲೆ ಬಾಗಿಲಿಗೆ ಬೀಗ ಹಾಕಿದ ಹಾಗೆ.

ಈ ಮಾದರಿಯ ದೊಡ್ಡ ಖಾಯಿಲೆ ಕೂಡ ಇಲ್ಲಿಂದಲೇ. ಒಂದೊಂದು ಮತಕ್ಕೆ ಇಷ್ಟು ತೂಕ ಬಂದಾಗ ಬೆಲೆಯೂ ಬರುತ್ತದೆ. 1993ರ ಜುಲೈ 28ರಂದು ಅವಿಶ್ವಾಸ ನಿರ್ಣಯದ ಪರ 251, ವಿರುದ್ಧ 265 ಬಿದ್ದು ರಾವ್ ಸರ್ಕಾರ 14 ಮತಗಳಿಂದ ಪಾರಾಯಿತು. ಅದರ ಹಿಂದೆಯೇ ಜೆಎಂಎಂ (ಜಾರ್ಖಂಡ್ ಮುಕ್ತಿ ಮೋರ್ಚಾ) ಸಂಸದರ ಲಂಚ ಪ್ರಕರಣ ಬಂತು. ಹಣ ಪಡೆದು ಸದನದಲ್ಲಿ ಮತ ಹಾಕಿದವರಿಗೆ, ಸದನದ ಮಾತು ಮತ್ತು ಮತಕ್ಕೆ ಕೋರ್ಟಿನಿಂದ ವಿನಾಯಿತಿ ಕೊಡುವ 105ನೇ ವಿಧಿಯ ರಕ್ಷಣೆ ಇದೆ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ 3–2ರ ತೀರ್ಪು ಕೊಟ್ಟಿತು. ಆ ರಂಧ್ರ ಮುಚ್ಚಿದ್ದು 2024ರ ಮಾರ್ಚ್ 4ರಂದು, ಏಳು ನ್ಯಾಯಮೂರ್ತಿಗಳ ಪೀಠ ಹಳೆಯ ತೀರ್ಪನ್ನು ತಳ್ಳಿಹಾಕಿದಾಗ. ಇಷ್ಟು ಗಂಭೀರ ದೋಷದ ದುರಸ್ತಿಗೆ 26 ವರ್ಷ! ನಡುವೆ 2008ರ ಜುಲೈ 22 ಬಂದು ಹೋಯಿತು: ಎಡಪಕ್ಷಗಳು ಬೆಂಬಲ ಹಿಂತೆಗೆದ ಮೇಲೆ ಮನಮೋಹನ್ ಸಿಂಗ್ ಸರ್ಕಾರ 275–256ರಿಂದ ಗೆದ್ದಿತು, ಹತ್ತು ಮಂದಿ ತಟಸ್ಥರು, ಮತದಾನಕ್ಕೆ ಮೊದಲು ಸದನದ ಮೇಜಿನ ಮೇಲೆ ನೋಟಿನ ಕಂತೆಗಳು. ಮತ ಹಾಕಲೆಂದು ಜೈಲಿನಿಂದ ಸಂಸದರನ್ನು ಕರೆತಂದದ್ದೂ ಅಂದೇ.

ಯಂತ್ರದ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ನೇರ ಪ್ರಸಾರ ನೋಡುವವರನ್ನು ಹೆಚ್ಚು ದಾರಿ ತಪ್ಪಿಸುವುದು ಇದೇ. ಧ್ವನಿಮತವನ್ನು ಯಾರಾದರೂ ಒಪ್ಪದಿದ್ದರೆ ಮತವಿಭಜನೆ. ಮೂರೂವರೆ ನಿಮಿಷ ಗಂಟೆ ಬಾರಿಸುತ್ತದೆ, ಆಮೇಲೆ ಲಾಬಿಯ ಬಾಗಿಲು ಮುಚ್ಚುತ್ತಾರೆ. ಹಳೆಯ ಸದನದ ಆಸನಗಳಲ್ಲಿ ಪರಕ್ಕೆ ಹಸಿರು, ವಿರುದ್ಧಕ್ಕೆ ಕೆಂಪು, ತಟಸ್ಥಕ್ಕೆ ಹಳದಿ ಗುಂಡಿ. ಅದರ ಜೊತೆಗೆ ಮತ ಆರಂಭದ ಇನ್ನೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿ, ಮೊದಲ ಜಾಗಟೆ ಸದ್ದಿನಿಂದ ಎರಡನೆಯದರವರೆಗೆ, ಅಂದರೆ 10 ಸೆಕೆಂಡು, ಹಿಡಿದೇ ಇರಬೇಕು. ಬೇಗ ಕೈ ತೆಗೆದರೆ ಮತ ದಾಖಲಾಗದು. ಒಂದೇ ಗುಂಡಿ ಒತ್ತಿದರೂ ಆಗದು. ದಾಖಲಾಗದವರಿಗೆ ಚೀಟಿ ಕೊಡುತ್ತಾರೆ. ಆದ್ದರಿಂದ ಫಲಕದ ಮೇಲೆ ಮೊದಲು ಹೊಳೆಯುವ ಅಂಕಿ ಅಂತಿಮವಲ್ಲ, "ತಿದ್ದುಪಡಿಗೆ ಒಳಪಟ್ಟು" ಎಂದು ಸ್ಪೀಕರ್ ಹೇಳುವುದು ಬಾಯಿಮಾತಲ್ಲ. 2008ರಲ್ಲಿ ಫಲಕ ತೋರಿಸಿದ್ದು 253–232, ಚೀಟಿ ಎಣಿಸಿದ ಮೇಲೆ 275–256. ಹೊಸ ಕಟ್ಟಡಕ್ಕೆ ಹೋದ ಮೇಲೂ ಇದು ಸುಧಾರಿಸಿದಂತಿಲ್ಲ: 2024ರ ಡಿಸೆಂಬರ್ 17ರಂದು ಏಕಕಾಲ ಚುನಾವಣೆಯ ಮಸೂದೆ ಮಂಡನೆಗೆ ಮತ ಹಾಕಿಸಿದಾಗ ಯಂತ್ರ 220–149 ಎಂದಿತು, ಚೀಟಿ ಸೇರಿ 269–198 ಆಯಿತು. ಸುಮಾರು ನೂರು ಮತ ಯಂತ್ರದ ಕಣ್ಣಿಗೆ ಬೀಳಲಿಲ್ಲ. ಒಂದು ಮತದಿಂದ ಸರ್ಕಾರ ಬಿದ್ದ ಸದನಕ್ಕೆ ಇದು ಭೂಷಣವಲ್ಲ.

ಬಾಹ್ಯ ಬೆಂಬಲ ಎಂಬ ಬಿಡಿಭಾಗವನ್ನು ಕೊಳ್ಳದಿರುವುದೇ ಲೇಸು. ಹೊರಗೆ ನಿಂತವರಿಗೆ ಖಾತೆಯಿಲ್ಲ, ಕಳೆದುಕೊಳ್ಳಲು ಏನೂ ಇಲ್ಲ, ಪತ್ರ ಬರೆದರೆ ಮುಗಿಯಿತು. ಕಾಂಗ್ರೆಸ್ 1997ರ ಮಾರ್ಚ್ 30ರಂದು ಬೆಂಬಲ ಹಿಂತೆಗೆಯಿತು, ಏಪ್ರಿಲ್ 11ರಂದು ದೇವೇಗೌಡರ ಸಂಯುಕ್ತ ರಂಗದ ಸರ್ಕಾರ 158–292ರಿಂದ ಬಿತ್ತು. ಹನ್ನೆರಡು ದಿನ. ಅದೇ ರಂಗದ ಗುಜ್ರಾಲ್ ಅದೇ ಪಕ್ಷದ ಬೆಂಬಲದಿಂದ ಅದೇ ತಿಂಗಳು ವಿಶ್ವಾಸಮತ ಗೆದ್ದರು. ಸಂಖ್ಯೆ ಬದಲಾಗಿರಲಿಲ್ಲ, ಮುಖ ಬದಲಾಗಿತ್ತು.

ಅಂಕ: 5ಕ್ಕೆ ಎರಡೂವರೆ. ತಟಸ್ಥರನ್ನು ಬಳಸಿಕೊಳ್ಳಬಲ್ಲ ಚತುರನಿಗೆ ಮೂರು.

ವೆಸ್ಟ್‌ಮಿನ್‌ಸ್ಟರ್ ಮತ್ತು ಒಟ್ಟಾವಾ: ಸಮ ಬಂದರೆ ಭಯವಿಲ್ಲ

ಬ್ರಿಟನ್ನಿನದು ಮೂಲ ಮಾದರಿ, ಲೆಕ್ಕ ಲೋಕಸಭೆಯಂತೆಯೇ. ಯಂತ್ರವಿಲ್ಲ, ಲಾಬಿಯೊಳಗೆ ನಡೆದು ಹೋಗಬೇಕು, ಆದ್ದರಿಂದ ದೇಹ ಅಲ್ಲಿಗೆ ತಲುಪುವುದೇ ಮುಖ್ಯ. 1979ರ ಮಾರ್ಚ್ 28ರಂದು ಲೇಬರ್ ಪಕ್ಷದ ಕ್ಯಾಲಹನ್ ಸರ್ಕಾರ 310–311ರಿಂದ ಬಿದ್ದಾಗ ಲೇಬರ್ ಸದಸ್ಯ ಆಲ್‌ಫ್ರೆಡ್ ಬ್ರಾಟನ್ ಹಾಸಿಗೆ ಹಿಡಿದಿದ್ದರು. ಕರೆತರುವುದು ಬೇಡ ಎಂದು ತೀರ್ಮಾನವಾಯಿತು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಉತ್ತರ ಐರ್ಲೆಂಡಿನ ಫ್ರಾಂಕ್ ಮಗ್ವಾಯರ್ ಲಂಡನ್ನಿನವರೆಗೆ ಬಂದರು, ಖುದ್ದಾಗಿ ತಟಸ್ಥರಾಗಲು! ಅವರಿಬ್ಬರಲ್ಲಿ ಒಬ್ಬರು ಸಿಕ್ಕಿದ್ದರೂ ಸಮ. ಸಮ ಬಂದರೆ ಇಲ್ಲಿನ ಸ್ಪೀಕರ್ ತನ್ನ ಮನಸ್ಸಿನಂತೆ ಹಾಕುವುದಿಲ್ಲ, ಇದ್ದದ್ದು ಇದ್ದ ಹಾಗೆ ಉಳಿಯುವಂತೆ ಹಾಕುವ ಸಂಪ್ರದಾಯವಿದೆ. ಅಂದರೆ ಅವಿಶ್ವಾಸ ಸೋಲುತ್ತಿತ್ತು.

ಕ್ಯಾಲಹನ್ ಅಲ್ಲಿಯವರೆಗೆ ಉಳಿದದ್ದು ಹೇಗೆ ಎಂಬುದು ಇನ್ನೂ ಉಪಯುಕ್ತ. 1977ರ ಮಾರ್ಚ್‌ನಲ್ಲಿ 13 ಸದಸ್ಯರ ಲಿಬರಲ್ ಪಕ್ಷದೊಂದಿಗೆ ಒಪ್ಪಂದ ಮಾಡಿಕೊಂಡು 322–298ರಿಂದ ಗೆದ್ದರು. ಮಂತ್ರಿಗಿರಿ ಕೊಡಲಿಲ್ಲ, ಮಸೂದೆಗಳನ್ನು ಮೊದಲೇ ತೋರಿಸಿ ಚರ್ಚಿಸುವ ಸಮಿತಿ ಕೊಟ್ಟರು. ಬೆಂಬಲ ಪತ್ರಕ್ಕಿಂತ ವಾರದ ಸಭೆ ಹೆಚ್ಚು ಬಾಳಿಕೆ ಬರುತ್ತದೆ.

ಸಮಬಲದ ನಿಯಮ ನಿಜವಾಗಿ ಪರೀಕ್ಷೆಗೆ ಬಂದದ್ದು ಕೆನಡಾದಲ್ಲಿ, 2005ರ ಮೇ 19ರಂದು. ಪಾಲ್ ಮಾರ್ಟಿನ್ ಸರ್ಕಾರದ ಬಜೆಟ್ ಮಸೂದೆಯೊಂದಕ್ಕೆ 152–152. ಚರ್ಚೆ ಮುಂದುವರಿಯಲಿ ಎಂದು ಸ್ಪೀಕರ್ ಪೀಟರ್ ಮಿಲಿಕನ್ ಪರವಾಗಿ ಮತ ಹಾಕಿದರು, ಸರ್ಕಾರ ಉಳಿಯಿತು. ಅದು ಉಳಿದದ್ದು ಆರು ತಿಂಗಳು. ನವೆಂಬರ್ 28ರಂದು 171–133ರಿಂದ ಹೋಯಿತು.

ಕೆನಡಾದ ಮಾದರಿಯಲ್ಲಿ ಎಚ್ಚರ ವಹಿಸಬೇಕಾದ್ದು, ಬಜೆಟ್ಟಿನ ಮೇಲಿನ ಮತವೇ ವಿಶ್ವಾಸಮತ. ಪ್ರಧಾನಿ ಜೋ ಕ್ಲಾರ್ಕ್ 282ರಲ್ಲಿ 136 ಸ್ಥಾನ ಇಟ್ಟುಕೊಂಡು ಬಹುಮತ ಇರುವಂತೆಯೇ ಆಳುತ್ತೇನೆ ಎಂದು ಹೊರಟು, 1979ರ ಡಿಸೆಂಬರ್ 13ರಂದು ಬಜೆಟ್ ತಿದ್ದುಪಡಿಯಲ್ಲಿ 133–139ರಿಂದ ಸೋತರು. ಅಂದು ಅವರದೇ ಪಕ್ಷದ ಮೂವರು ಸದನದಲ್ಲಿರಲಿಲ್ಲ, ಕ್ಯೂಬೆಕ್ಕಿನ ಸಣ್ಣ ಪಕ್ಷವಾದ ಕ್ರೆಡಿಟಿಸ್ಟರ ಐವರು ತಟಸ್ಥರಾದರು. ಕೂಡಿ ನೋಡಿ, ಆ ಎಂಟು ಮತ ಕೈಯಲ್ಲಿದ್ದರೆ 141–139. ಮುಂದೂಡುವ ಸೌಲಭ್ಯವೂ ಇಲ್ಲಿದೆ: 2008ರ ಡಿಸೆಂಬರ್‌ನಲ್ಲಿ ಸೋಲು ಖಚಿತ ಎಂದಾಗ ಪ್ರಧಾನಿ ಸ್ಟೀಫನ್ ಹಾರ್ಪರ್ ಗವರ್ನರ್ ಜನರಲ್ ಬಳಿ ಹೋಗಿ ಅಧಿವೇಶನವನ್ನೇ ಮುಗಿಸಿಬಿಟ್ಟರು. ಜನವರಿ ಕೊನೆಗೆ ಸದನ ಸೇರುವ ಹೊತ್ತಿಗೆ ಎದುರಿನ ಮೈತ್ರಿ ಕರಗಿತ್ತು. ಗ್ರಾಹಕನಿಗೆ ಲಾಭ, ನೋಡುವವರಿಗೆ ನಾಚಿಕೆ.

ಅಂಕ: ಬ್ರಿಟನ್ನಿಗೆ ಮೂರು, ಕೆನಡಾಕ್ಕೆ ಮೂರೂವರೆ.

ಬರ್ಲಿನ್, ಮ್ಯಾಡ್ರಿಡ್: ಕೆಡವುವವನೇ ಕಟ್ಟಬೇಕು

ಜರ್ಮನಿಯ ಸಂವಿಧಾನದ 67ನೇ ವಿಧಿ ಹೊಣೆಯನ್ನೇ ತಿರುಗಿಸಿ ಇಟ್ಟಿತು. ಚಾನ್ಸಲರ್ ಬೇಡ ಎಂದರೆ ಸಾಲದು, ಬದಲಿ ಯಾರು ಎಂದು ಹೆಸರು ಹೇಳಿ ಒಟ್ಟು ಸದಸ್ಯರ ಬಹುಮತದಿಂದ ಆರಿಸಬೇಕು. ಪ್ರಸ್ತಾವ ಮತ್ತು ಮತದಾನದ ನಡುವೆ 48 ಗಂಟೆ ಅಂತರ. ಇಲ್ಲಿ ತಟಸ್ಥನಾದವನೂ ಗೈರಾದವನೂ ಸರ್ಕಾರದ ಖಾತೆಗೇ ಜಮೆ.

1972ರ ಏಪ್ರಿಲ್ 27ರಂದು ಚಾನ್ಸಲರ್ ವಿಲಿ ಬ್ರಾಂಟ್ ಅವರ ಬಹುಮತ ಕರಗಿಹೋಗಿತ್ತು. ಬದಲಿಯಾಗಿ ನಿಂತ ವಿರೋಧ ಪಕ್ಷದ ರೈನರ್ ಬಾರ್ಜೆಲ್‌ಗೆ 249 ಬೇಕಿತ್ತು, ಬಿದ್ದದ್ದು 247. ಮರುದಿನವೇ ಬಜೆಟ್ ಮತದಲ್ಲಿ 247–247, ಬಜೆಟ್ ಬಿತ್ತು. ಕೆಡವಲೂ ಆಗದು, ಆಳಲೂ ಆಗದು ಎಂಬ ಸ್ಥಿತಿ. ಹೊರಬರಲು ಬ್ರಾಂಟ್ ತಾವೇ ವಿಶ್ವಾಸಮತ ಕೇಳಿ, ಬೇಕೆಂದೇ ಸೋತು, ಚುನಾವಣೆಗೆ ಹೋಗಬೇಕಾಯಿತು. ಓಲಾಫ್ ಶೋಲ್ಜ್ 2024ರ ಡಿಸೆಂಬರ್ 16ರಂದು ಮಾಡಿದ್ದೂ ಅದನ್ನೇ. ಮತದ ಗುಟ್ಟಿನ ಬಗ್ಗೆ ಒಂದು ಮಾತು: 1972ರ ಮತದಾನ ರಹಸ್ಯವಾಗಿತ್ತು, ಪೂರ್ವ ಜರ್ಮನಿಯ ಗುಪ್ತಚರರು ಮತ ಕೊಂಡಿದ್ದು ಆಮೇಲೆ ಹೊರಬಂತು. ಲಂಚಕ್ಕೆ ಭಾಷೆಯ ಹಂಗಿಲ್ಲ.

ಸ್ಪೇನ್ ಇದೇ ಮಾದರಿಯನ್ನು 113ನೇ ವಿಧಿಯಲ್ಲಿ ಇಟ್ಟುಕೊಂಡಿದೆ, 350ರಲ್ಲಿ 176 ಬೇಕು. 2017ರ ಜೂನ್‌ನಲ್ಲಿ ಅಲ್ಪಮತದ ಪ್ರಧಾನಿ ರಾಹೋಯ್ ವಿರುದ್ಧ ಬಿದ್ದದ್ದು 82 ಮಾತ್ರ, 97 ಮಂದಿ ತಟಸ್ಥರು. ಪರ್ಯಾಯವಾಗಿ ಇಟ್ಟ ಹೆಸರು ಉಳಿದವರಿಗೆ ಹಿಡಿಸಲಿಲ್ಲ. ಒಂದೇ ವರ್ಷಕ್ಕೆ, 2018ರ ಜೂನ್ 1ರಂದು, ಬೇರೆ ಹೆಸರು ಬಂತು. 84 ಸ್ಥಾನಗಳ ಪಕ್ಷದ ಪೆಡ್ರೊ ಸಾಂಚೆಜ್ 180–169ರಿಂದ ಪ್ರಧಾನಿಯಾದರು. ಗಟ್ಟಿ ಬಾಗಿಲು, ಆದರೆ ಕೀಲಿ ಸಿಕ್ಕವನಿಗೆ ಒಂದೇ ತಿರುವು. ಇಬ್ಬರಿಗೂ ನಾಲ್ಕು ಅಂಕ.

ಪ್ಯಾರಿಸ್: ಸೌಲಭ್ಯ ಜಾಸ್ತಿ, ಬಳಸಿದಷ್ಟೂ ಸವೆತ

ಫ್ರಾನ್ಸಿನ 49.3 ವಿಧಿಯನ್ನು ಅಲ್ಪಮತದ ಸರ್ಕಾರಕ್ಕೆಂದೇ ಹೊಲಿದಂತಿದೆ. ಪ್ರಧಾನಿ ಮಸೂದೆಗೆ ತನ್ನ ಸರ್ಕಾರವನ್ನೇ ಪಣ ಇಡುತ್ತಾನೆ. 24 ಗಂಟೆಯೊಳಗೆ ಹತ್ತನೇ ಒಂದರಷ್ಟು ಸದಸ್ಯರು ಅವಿಶ್ವಾಸ ಸಲ್ಲಿಸದಿದ್ದರೆ ಮಸೂದೆ ಮತವಿಲ್ಲದೆ ಅಂಗೀಕಾರ. ಸಲ್ಲಿಸಿದರೆ 48 ಗಂಟೆ ಕಳೆದ ಮೇಲೆ ಮತ. ಎಣಿಸುವುದು ಅವಿಶ್ವಾಸದ ಪರ ಬಿದ್ದ ಮತಗಳನ್ನು ಮಾತ್ರ. 577 ಸ್ಥಾನ ತುಂಬಿದ್ದರೆ 289 ಮುಟ್ಟಬೇಕು. ಸರ್ಕಾರದ ಪರ ಇರುವವರು ಮತ ಹಾಕುವ ತಂಟೆಗೇ ಹೋಗಬೇಕಿಲ್ಲ. ಪ್ರಧಾನಿಗಳಾದ ರೊಕಾರ್ 1990ರ ನವೆಂಬರ್‌ನಲ್ಲಿ ಐದು ಮತದ ಅಂತರದಲ್ಲಿ, ಬೋರ್ನ್ 2023ರ ಮಾರ್ಚ್ 20ರಂದು ಒಂಬತ್ತು ಮತದ ಅಂತರದಲ್ಲಿ ಪಾರಾದರು.

ಬಳಕೆಗೆ ಮಿತಿಯೂ ಇದೆ: 2008ರ ತಿದ್ದುಪಡಿಯ ನಂತರ ಬಜೆಟ್, ಸಾಮಾಜಿಕ ಭದ್ರತೆಯ ಹಣಕಾಸು ಮಸೂದೆ ಬಿಟ್ಟರೆ ಅಧಿವೇಶನಕ್ಕೆ ಇನ್ನೊಂದೇ ಮಸೂದೆ. ಸದನ ಮೂರು ಹೋಳಾಗಿ, ಎರಡು ತುದಿಯವರೂ ಒಂದೇ ಅವಿಶ್ವಾಸಕ್ಕೆ ಕೈ ಎತ್ತಿದರೆ ಈ ಕೋಟೆ ನಿಲ್ಲುವುದಿಲ್ಲ. ಬಾರ್ನಿಯೆ 2024ರ ಡಿಸೆಂಬರ್ 4ರಂದು 331 ಮತಗಳಿಗೆ ಬಿದ್ದರು. 2025ರ ಅಕ್ಟೋಬರ್ 16ರಂದು ಲೆಕೊರ್ನು 18 ಮತಗಳ ಅಂತರದಲ್ಲಿ ಉಳಿದರು. ಅದಕ್ಕೆ ಕೊಟ್ಟ ಬೆಲೆ, ಪಿಂಚಣಿ ಸುಧಾರಣೆಗೆ ತಡೆ ಮತ್ತು 49.3 ಬಳಸುವುದಿಲ್ಲ ಎಂಬ ಮಾತು. ಆಯುಧ ಉಳಿಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಳ್ಳುವ ಬದಲು, ಆಯುಧ ಕೆಳಗಿಟ್ಟು ಪ್ರಾಣ ಉಳಿಸಿಕೊಂಡದ್ದು. ಮೂರು ಅಂಕ.

ಸ್ಟಾಕ್‌ಹೋಮ್: ನಮ್ಮ ಆಯ್ಕೆ

ಸ್ವೀಡನ್ನಿನ ಸದನ 349ರದು. ಪ್ರಧಾನಿಯಾಗಲು ಬಹುಮತ ಬೇಡ. ನಿಮ್ಮ ವಿರುದ್ಧ 175 ಬೀಳದಿದ್ದರೆ ಸಾಕು. 2021ರ ಜೂನ್ 21ರಂದು 181 ಮತಗಳ ಅವಿಶ್ವಾಸಕ್ಕೆ ಬಿದ್ದ ಸ್ಟೆಫಾನ್ ಲೊವೆನ್, ಜುಲೈ 7ರಂದು ಮತ್ತೆ ಪ್ರಧಾನಿಯಾದರು: ಪರ 116, ವಿರುದ್ಧ 173, ತಟಸ್ಥ 60. ಲೋಕಸಭೆಯ ಕಣ್ಣಿಗೆ ಇದು ಹೀನಾಯ ಸೋಲು. ಸಚಿವರೊಬ್ಬರ ವಿರುದ್ಧದ ಅವಿಶ್ವಾಸಕ್ಕೂ ಅದೇ ಗೆರೆ. 2022ರ ಜೂನ್‌ನಲ್ಲಿ ನ್ಯಾಯ ಸಚಿವ ಮೊರ್ಗನ್ ಯೂಹಾನ್ಸನ್ ವಿರುದ್ಧ 174 ಬಿದ್ದವು, ಇನ್ನೊಂದು ಬೇಕಿತ್ತು. ಸಚಿವರು ಹೋದರೆ ಸರ್ಕಾರವೇ ರಾಜೀನಾಮೆ ಕೊಡುತ್ತದೆ ಎಂದು ಅಂದಿನ ಪ್ರಧಾನಿ ಮಗ್ದಲೇನಾ ಆಂಡರ್ಸನ್ ಮೊದಲೇ ಹೇಳಿದ್ದರು; ಪಕ್ಷೇತರ ಸದಸ್ಯೆ ಅಮಿನೆ ಕಾಕಾಬಾವೆ ತಟಸ್ಥರಾದರು, ಅಷ್ಟೇ ಸಾಕಾಯಿತು.

ಉಳಿಯಲು ಇದಕ್ಕಿಂತ ಅಗ್ಗದ ವ್ಯವಸ್ಥೆ ಈ ಏಳರಲ್ಲಿ ಇಲ್ಲ, ನಾಲ್ಕೂವರೆ ಅಂಕ. ಅರ್ಧ ಕಡಿಮೆ ಏಕೆಂದರೆ ಬಜೆಟ್ಟಿಗೆ ಈ ರಕ್ಷಣೆ ಸಿಗುವುದಿಲ್ಲ. ಅಲ್ಲಿ ಎದುರು ಬದುರಿನ ಪ್ರಸ್ತಾವಗಳಲ್ಲಿ ಹೆಚ್ಚು ಮತ ಬಿದ್ದದ್ದು ಗೆಲ್ಲುತ್ತದೆ. 2021ರ ನವೆಂಬರ್ 24ರ ಬೆಳಗ್ಗೆ ಮಗ್ದಲೇನಾ ಆಂಡರ್ಸನ್ ವಿರುದ್ಧ 174 ಬಿದ್ದು, ಒಂದೇ ಮತದ ಅಂತರದಲ್ಲಿ ಪ್ರಧಾನಿಯಾಗಿ ಆಯ್ಕೆಯಾದರು. ಅದೇ ದಿನ ಸದನ ವಿರೋಧ ಪಕ್ಷಗಳ ಬಜೆಟ್ಟನ್ನು ಅಂಗೀಕರಿಸಿತು, ಮಿತ್ರಪಕ್ಷ ಗ್ರೀನ್ ಹೊರನಡೆಯಿತು, ಸುಮಾರು ಏಳು ಗಂಟೆಯೊಳಗೆ ಅವರು ರಾಜೀನಾಮೆ ಕೊಟ್ಟರು. ನವೆಂಬರ್ 29ರಂದು ಪರ 101, ತಟಸ್ಥ 75, ವಿರುದ್ಧ 173 ಬಿದ್ದು ಮತ್ತೆ ಆಯ್ಕೆಯಾದರು, ಮತ್ತು ಮುಂದಿನ ವರ್ಷವನ್ನು ಎದುರಾಳಿಗಳು ಬರೆದ ಬಜೆಟ್ಟಿನಲ್ಲೇ ಆಳಿದರು.